ನಾಯಿಯೊಂದಿಗೆ ಇಂಗ್ಲಿಷ್ ಕಡಲ್ಗಾಲುವೆ ದಾಟುವುದು: ಮೈಕ್ರೋಚಿಪ್ಪು, ಲಸಿಕೆ, ಹುಳುವಿನ ಮಾತ್ರೆ ಮತ್ತು ಹಡಗು

ಇಂಗ್ಲೆಂಡಿನ ಡೋವರ್‌ನಿಂದ ಫ್ರಾನ್ಸಿನ ಕ್ಯಾಲೆಗೆ ಫೆರ್ರಿಯಲ್ಲಿ ಹೆಚ್ಚುಕಡಿಮೆ ಒಂದೂವರೆ ಗಂಟೆಯ ಹಾದಿ. ಆದರೆ ಈವರೆಗೆ ರೇಬಿಸ್ ಲಸಿಕೆ ಕಾಣದ ನಾಯಿಯನ್ನು ಆ ಒಂದೂವರೆ ಗಂಟೆಗೆ ಸಜ್ಜುಮಾಡಲು ಒಂದು ತಿಂಗಳಾದರೂ ಬೇಕು. ಪ್ರಯಾಣ ಕೆಟ್ಟುಹೋಗುವುದು ಸಾಮಾನ್ಯವಾಗಿ ಸಮುದ್ರದ ಮೇಲಲ್ಲ. ಯಾವುದೋ ಒಂದು ದಿನಾಂಕ ಇನ್ನೊಂದರ ಹಿಂದೆಮುಂದೆ ಆಗಿರುತ್ತದೆ, ಅಥವಾ ಮಾತ್ರೆ ನುಂಗಿಸಿದ ಗಂಟೆ ಲೆಕ್ಕಕ್ಕೆ ಕೂಡಿಬರುವುದಿಲ್ಲ. ಹಾಗಾಗಿ ಹೊರಡುವ ದಿನದ ಜೊತೆಗೆ ಮರಳಿ ಬರುವ ಹಡಗಿನ ಗಂಟೆಯನ್ನೂ ಮೊದಲೇ ಗೊತ್ತುಮಾಡಿಕೊಂಡು, ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಬರುವುದೇ ಸರಿಯಾದ ಕ್ರಮ.

ಇಲ್ಲಿ ಹೇಳುತ್ತಿರುವುದು ಗ್ರೇಟ್ ಬ್ರಿಟನ್ನಿನಿಂದ, ಅಂದರೆ ಇಂಗ್ಲೆಂಡ್, ಸ್ಕಾಟ್‌ಲೆಂಡ್, ವೇಲ್ಸ್‌ನಿಂದ ಯೂರೋಪಿಯನ್ ಒಕ್ಕೂಟದ ದೇಶಗಳಿಗೆ ನಾಯಿಯನ್ನು ಕರೆದೊಯ್ದು ವಾಪಸ್ ಕರೆತರುವ ವಿಚಾರ. ಹಡಗೇ ಏಕೆ ಎಂದರೆ, ಬೇರೆ ದಾರಿಗಳು ಕಡಿಮೆ. ವಿಮಾನದಲ್ಲಿ ಬ್ರಿಟನ್ನಿಗೆ ಬರುವ ಸಾಕುನಾಯಿ ಸಾಮಾನ್ಯವಾಗಿ ಸರಕಾಗಿಯೇ ಬರಬೇಕು, ನಿಮ್ಮ ಕಾಲ ಬಳಿ ಕೂರುವಂತಿಲ್ಲ. ಯೂರೋಸ್ಟಾರ್ ರೈಲಿನಲ್ಲಿ ಅಂಗವಿಕಲರ ಸಹಾಯಕ ನಾಯಿಗಳಿಗೆ ಮಾತ್ರ ಜಾಗ. ಉಳಿಯುವುದು ಎರಡು: ಕಾರನ್ನೇ ರೈಲಿಗೆ ಹತ್ತಿಸುವ ಕಡಲಡಿಯ ಸುರಂಗ ಮತ್ತು ಫೆರ್ರಿ. ಸುರಂಗದಲ್ಲಿ 35 ನಿಮಿಷ, ನಾಯಿ ಕಾರಿನಲ್ಲಿ ನಿಮ್ಮ ಜೊತೆಗೇ ಇರುತ್ತದೆ; ಒಂಟಿಯಾಗಿ ಬಿಟ್ಟರೆ ತೀರಾ ಗಾಬರಿಯಾಗುವ ನಾಯಿಗೆ ಅದೇ ವಾಸಿ. ಆದರೆ ಅದು ಫೋಕ್‌ಸ್ಟನ್‌ನಿಂದ ಕ್ಯಾಲೆಗೆ ಮಾತ್ರ. ಸ್ಪೇನ್, ಫ್ರಾನ್ಸಿನ ಬ್ರಿಟನಿ ಪ್ರಾಂತ್ಯ, ಹಾಲೆಂಡ್, ಐರ್ಲೆಂಡ್ ಕಡೆಗೆ ನೇರವಾಗಿ ಹೋಗುವವರಿಗೆ ಹಡಗೇ ದಾರಿ.

2000ದ ಫೆಬ್ರವರಿವರೆಗೆ ಬ್ರಿಟನ್ನಿಗೆ ಹೊರಗಿನಿಂದ ಬಂದ ನಾಯಿ ಆರು ತಿಂಗಳು ಕ್ವಾರಂಟೈನ್ ಗೂಡಿನಲ್ಲಿ ಕಳೆಯಬೇಕಿತ್ತು. ಆಮೇಲೆ ಬಂದ ಸಾಕುಪ್ರಾಣಿ ಪ್ರಯಾಣ ಯೋಜನೆ ಆ ಸೆರೆವಾಸವನ್ನು ತಪ್ಪಿಸಿ, ಅದರ ಜಾಗದಲ್ಲಿ ಚರ್ಮದಡಿ ಹಾಕುವ ಗುರುತಿನ ಚಿಪ್ಪು (ಮೈಕ್ರೋಚಿಪ್), ಲಸಿಕೆ, ಕಾಗದಗಳನ್ನು ತಂದಿತು. ಕೌಂಟರಿನಲ್ಲಿ ಕಾಗದ ತಿರುವಿಹಾಕುವಾಗ ಇವು ಬರೀ ಕಿರಿಕಿರಿಯಾಗಿ ಕಾಣುತ್ತವೆ. ಆರು ತಿಂಗಳ ಗೂಡಿನ ಬದಲಿಗೆ ಬಂದವು ಇವು ಎಂಬುದು ನೆನಪಿದ್ದರೆ ಒಂದೊಂದು ನಿಯಮಕ್ಕೂ ಇರುವ ಕಾರಣ ಅರ್ಥವಾಗುತ್ತದೆ.

ಮೊದಲು ಚಿಪ್ಪು, ಆಮೇಲೆ ಲಸಿಕೆ

ಮೈಕ್ರೋಚಿಪ್ ಎನ್ನುವುದು ಸುಮಾರು 12 ಮಿಲಿಮೀಟರ್ ಉದ್ದ, 2 ಮಿಲಿಮೀಟರ್ ದಪ್ಪದ ಗಾಜಿನ ಕೊಳವೆ, ಉದ್ದಕ್ಕಿಯ ಕಾಳಿನಷ್ಟು. ಅದರೊಳಗೆ ಬ್ಯಾಟರಿ ಇಲ್ಲ, ಜಿಪಿಎಸ್ ಕೂಡ ಇಲ್ಲ. ಒಂದು ತಂತಿಸುರುಳಿ, ಒಂದು 15 ಅಂಕಿಯ ಸಂಖ್ಯೆ, ಅಷ್ಟೇ. ಸ್ಕ್ಯಾನರ್ ಹತ್ತಿರ ಬಂದಾಗ ಅದು ಹೊಮ್ಮಿಸುವ 134.2 ಕಿಲೋಹರ್ಟ್ಸ್ ಅಲೆಯಿಂದಲೇ ಚಿಪ್ಪಿಗೆ ಜೀವ ಬರುತ್ತದೆ, ಸಂಖ್ಯೆಯನ್ನು ಮರಳಿ ಕಳಿಸುತ್ತದೆ. ಐಎಸ್‌ಒ 11784 ಮತ್ತು 11785 ಮಾನಕಗಳ ಚಿಪ್ಪಾಗಿದ್ದರೆ ಯಾವ ಬಂದರಿನ ಸ್ಕ್ಯಾನರಿಗೂ ಅದು ಓದಲು ಸಿಗುತ್ತದೆ. ಬೇರೆ ಮಾನಕದ ಹಳೆಯ ಚಿಪ್ಪಿದ್ದರೆ ಅದನ್ನು ಓದಬಲ್ಲ ಸ್ಕ್ಯಾನರನ್ನು ನೀವೇ ಜೊತೆಗೆ ಒಯ್ಯಬೇಕಾಗುತ್ತದೆ.

ಚಿಪ್ಪನ್ನು ರೇಬಿಸ್ ಲಸಿಕೆಗಿಂತ ಮೊದಲು, ಅಥವಾ ಅದೇ ದಿನ ಲಸಿಕೆಗೆ ಮುಂಚೆ ಹಾಕಿರಬೇಕು. ಲಸಿಕೆ ಮೊದಲಾಗಿ ಚಿಪ್ಪು ಮಾರನೇ ದಿನ ಬಿದ್ದಿದ್ದರೂ ಆ ಲಸಿಕೆ ಪ್ರಯಾಣದ ಲೆಕ್ಕಕ್ಕಿಲ್ಲ. ನಾಯಿಯ ಮೈಯಲ್ಲಿ ರೋಗನಿರೋಧಕ ಶಕ್ತಿ ಬಂದಿರಬಹುದು, ಅದು ಬೇರೆ ಮಾತು. ಕಾಗದದಲ್ಲಿ ಲಸಿಕೆ ಅಂಟಿಕೊಂಡಿರುವುದು ಚಿಪ್ಪಿನ ಸಂಖ್ಯೆಗೆ. ಸಂಖ್ಯೆಯೇ ಇಲ್ಲದ ದಿನ ಚುಚ್ಚಿದ ಸೂಜಿ ಇದೇ ನಾಯಿಗೆ ಬಿತ್ತು ಎಂದು ತೋರಿಸಲು ಬೇರೆ ದಾರಿಯಿಲ್ಲ. ದತ್ತು ತೆಗೆದುಕೊಂಡ ನಾಯಿಗಳ ಹಳೆಯ ಕಾರ್ಡುಗಳಲ್ಲಿ ಈ ಎಡವಟ್ಟು ಆಗಾಗ ಸಿಗುತ್ತದೆ, ಅಂಥ ಕಾರ್ಡಿದ್ದರೆ ಎರಡೂ ದಿನಾಂಕಗಳನ್ನು ಮೊದಲು ಹೋಲಿಸಿ ನೋಡಿ.

ಹೊರಡುವುದಕ್ಕೆ ಒಂದೂವರೆ ತಿಂಗಳ ಮೊದಲೇ ನಿಮ್ಮ ಪಶುವೈದ್ಯರಲ್ಲಿ ಚಿಪ್ಪನ್ನು ಓದಿಸಿ ನೋಡಿ. ಬ್ರಿಟನ್ನಿನಲ್ಲಿ ಹೆಗಲ ಮೂಳೆಗಳ ನಡುವೆ ಹಾಕುವುದು ರೂಢಿ, ಯೂರೋಪಿನ ಅನೇಕ ಕಡೆ ಕತ್ತಿನ ಎಡಬದಿಯಲ್ಲಿ. ವರ್ಷಗಳು ಕಳೆದಂತೆ ಚಿಪ್ಪು ಚರ್ಮದಡಿ ಜಾರಿ ಎದೆಗೋ ಮುಂಗಾಲಿನ ಮೇಲ್ಭಾಗಕ್ಕೋ ಇಳಿದಿರುವುದೂ ಉಂಟು. ಬಂದರಿನಲ್ಲಿ ಸಿಬ್ಬಂದಿ ಸ್ಕ್ಯಾನರನ್ನು ಕಾರಿನ ಕಿಟಕಿಯಿಂದ ನಿಮ್ಮ ಕೈಗೇ ಕೊಟ್ಟು ಓದಿಸಲು ಹೇಳುವುದು ಸಾಮಾನ್ಯ. ಕತ್ತಿನ ಲೋಹದ ಬಿಲ್ಲೆ, ಕೊಂಡಿಗಳನ್ನು ಪಕ್ಕಕ್ಕೆ ಸರಿಸಿ, ಸ್ಕ್ಯಾನರನ್ನು ಕೂದಲಿಗೆ ತಾಗುವಂತೆ ಹಿಡಿದು, ಕತ್ತಿನ ಹಿಂಭಾಗದಿಂದ ಹೆಗಲಿನತ್ತ ನಿಧಾನವಾಗಿ ಹಾವಿನ ನಡೆಯಂತೆ ಎಳೆಯಿರಿ. ಗಡಿಬಿಡಿಯಲ್ಲಿ ಸರ್ರನೆ ಎಳೆದರೆ ದಪ್ಪ ಕೂದಲಿನ ನಾಯಿಯಲ್ಲಿ ಚಿಪ್ಪು ಸಿಕ್ಕುವುದೇ ಇಲ್ಲ. ಚಿಪ್ಪು ಎಲ್ಲಿ ಕುಳಿತಿದೆ ಎಂಬುದು ನಿಮಗೆ ಮೊದಲೇ ಗೊತ್ತಿದ್ದರೆ ಅರ್ಧ ನಿಮಿಷದ ಕೆಲಸ. ಚಿಪ್ಪು ಸತ್ತೇಹೋಗಿದ್ದರೆ ಮಾತ್ರ ಹೊಸ ಚಿಪ್ಪು, ಹೊಸ ಲಸಿಕೆ, ಮತ್ತೆ ಕಾಯುವುದು. ಒಂದೂವರೆ ತಿಂಗಳ ಮೊದಲೇ ಎಂದದ್ದು ಅದಕ್ಕೇ.

ರೇಬಿಸ್ ಲಸಿಕೆಗೆ ಮರಿಗೆ ಕನಿಷ್ಠ 12 ವಾರ ತುಂಬಿರಬೇಕು. ಮೊದಲ ಲಸಿಕೆ ಬಿದ್ದ ಮೇಲೆ 21 ದಿನ ಕಾಯಬೇಕು, ಏಕೆಂದರೆ ಲಸಿಕೆಯಿಂದ ರಕ್ಷಣೆ ಹುಟ್ಟಲು ಅಷ್ಟು ಸಮಯ ಬೇಕು. ಹಾಗಾಗಿ 15 ವಾರದೊಳಗಿನ ಮರಿಯನ್ನು ಕರೆದೊಯ್ಯುವ ಯೋಚನೆ ಬೇಡ. ಎಣಿಕೆಯಲ್ಲಿ ಜನ ಒಂದು ದಿನ ಜಾರುವುದು ಇಲ್ಲಿಯೇ. ಲಸಿಕೆ ಚುಚ್ಚಿದ ದಿನ ಒಂದನೇ ದಿನವಲ್ಲ, ಸೊನ್ನೆಯ ದಿನ. ಜುಲೈ 1ರಂದು ಚುಚ್ಚಿಸಿದರೆ 21 ದಿನ ತುಂಬುವುದು ಜುಲೈ 22ಕ್ಕೆ, 21ಕ್ಕಲ್ಲ.

ಈಗಾಗಲೇ ಲಸಿಕೆ ಹಾಕಿಸಿದ ನಾಯಿಗೆ ಅವಧಿ ಮುಗಿಯುವ ಮೊದಲೇ ಬೂಸ್ಟರ್ ಹಾಕಿಸಿದರೆ 21 ದಿನದ ಕಾಯುವಿಕೆ ಮತ್ತೆ ಬರುವುದಿಲ್ಲ. ಒಂದೇ ಒಂದು ದಿನ ತಡವಾದರೂ ಅದು ಮೊದಲ ಲಸಿಕೆಯಾಗಿಯೇ ಎಣಿಕೆಯಾಗಿ ಲೆಕ್ಕ ಸೊನ್ನೆಯಿಂದ ಶುರು. ಅವಧಿ ಒಂದು ವರ್ಷವೋ ಮೂರು ವರ್ಷವೋ ಎಂಬುದನ್ನು ಲಸಿಕೆ ತಯಾರಿಸಿದ ಕಂಪನಿಯ ಸೂಚನೆ ನಿರ್ಧರಿಸುತ್ತದೆ. ಪ್ರವಾಸದ ನಡುವೆ ಮುಗಿಯುವಂತಿದ್ದರೆ ಹೊರಡುವ ಮೊದಲೇ ಬೂಸ್ಟರ್ ಹಾಕಿಸಿಬಿಡಿ.

ಹತ್ತು ದಿನದ ಕಾಗದ

2021ರ ಜನವರಿ 1ರಿಂದ ಬ್ರಿಟನ್ನಿನಲ್ಲಿ ಕೊಟ್ಟಿದ್ದ ಸಾಕುಪ್ರಾಣಿ ಪಾಸ್‌ಪೋರ್ಟು ಒಕ್ಕೂಟದ ದೇಶಗಳಿಗೆ ಹೋಗಲು ನಡೆಯುವುದಿಲ್ಲ. ಅದರ ಜಾಗದಲ್ಲಿ ಬಂದಿರುವುದು ಪ್ರಾಣಿ ಆರೋಗ್ಯ ಪ್ರಮಾಣಪತ್ರ. ಪಾಸ್‌ಪೋರ್ಟು ವರ್ಷಗಟ್ಟಲೆ ಬಾಳುತ್ತಿತ್ತು. ಈ ಪತ್ರ ಒಂದು ಪ್ರವಾಸಕ್ಕೆ ಒಂದು. ಕೊಟ್ಟ ದಿನದಿಂದ 10 ದಿನದೊಳಗೆ ಒಕ್ಕೂಟದ ನೆಲ ಮುಟ್ಟಬೇಕು. ಒಮ್ಮೆ ಒಳಹೊಕ್ಕ ಮೇಲೆ ಅದೇ ಪತ್ರದ ಮೇಲೆ ಕೆಲವು ತಿಂಗಳು ದೇಶದಿಂದ ದೇಶಕ್ಕೆ ಸುತ್ತಾಡಿ ಬ್ರಿಟನ್ನಿಗೆ ಮರಳಬಹುದು. 2021ರಲ್ಲಿ ಆ ಅವಧಿಯನ್ನು 4 ತಿಂಗಳು ಎಂದು ಇಟ್ಟಿದ್ದರು. ದೀರ್ಘಕಾಲ ಇರುವ ಯೋಚನೆಯಿದ್ದರೆ ಪತ್ರ ಮಾಡಿಸುವ ದಿನವೇ ಆಗ ಜಾರಿಯಲ್ಲಿರುವ ಅವಧಿಯನ್ನು ವೈದ್ಯರಿಂದ ಕೇಳಿ ಕೊನೆಯ ದಿನಾಂಕ ಬರೆದಿಟ್ಟುಕೊಳ್ಳಿ.

ಈ ಪತ್ರಕ್ಕೆ ಸಹಿ ಹಾಕಲು ಎಲ್ಲ ಪಶುವೈದ್ಯರಿಗೂ ಅಧಿಕಾರವಿಲ್ಲ. ಸರ್ಕಾರದಿಂದ ಅದಕ್ಕೆಂದೇ ಮಾನ್ಯತೆ ಪಡೆದ ಅಧಿಕೃತ ಪಶುವೈದ್ಯರೇ ಬೇಕು. ನಿಮ್ಮ ಕ್ಲಿನಿಕ್ಕಿನಲ್ಲಿ ಅಂಥವರು ಒಬ್ಬರೇ ಇರಬಹುದು, ಬೇಸಿಗೆಯಲ್ಲಿ ಅವರೇ ರಜೆಯಲ್ಲಿರಬಹುದು. ಹಡಗಿನ ಟಿಕೆಟ್ ಕೈಗೆ ಬಂದ ದಿನವೇ ಸಮಯ ಗೊತ್ತುಮಾಡಿಕೊಳ್ಳಿ. ಶುಲ್ಕ ಕ್ಲಿನಿಕ್ಕಿನಿಂದ ಕ್ಲಿನಿಕ್ಕಿಗೆ ಬಹಳ ವ್ಯತ್ಯಾಸ, ನೂರು ಪೌಂಡಿನ ಆಸುಪಾಸಿನಿಂದ ಇನ್ನೂರು ದಾಟುವವರೆಗೂ ಹೋಗುತ್ತದೆ. ಎರಡು ಮೂರು ಕಡೆ ವಿಚಾರಿಸಿದರೆ ಒಳ್ಳೆಯದು.

ಪತ್ರದಲ್ಲಿ ಇಂಗ್ಲಿಷಿನ ಜೊತೆಗೆ ನೀವು ಮೊದಲು ಕಾಲಿಡುವ ದೇಶದ ಭಾಷೆ ಇರಬೇಕು. ಹೊರಟಿರುವುದು ಜರ್ಮನಿಗೇ ಆದರೂ ಇಳಿಯುವುದು ಕ್ಯಾಲೆಯಲ್ಲಾದರೆ ಬೇಕಾದದ್ದು ಫ್ರೆಂಚ್ ಪತ್ರ. ಹುಕ್ ಆಫ್ ಹಾಲೆಂಡ್‌ನಲ್ಲಿ ಇಳಿದರೆ ಡಚ್. ಕೊನೆಯ ಗಳಿಗೆಯಲ್ಲಿ ಹಡಗಿನ ದಾರಿ ಬದಲಿಸುವವರಿಗೆ ಇದು ಹೊಳೆಯುವುದೇ ಇಲ್ಲ. ಇನ್ನೊಂದು ವಿಷಯ: ಪತ್ರದಲ್ಲಿ ಮಾಲೀಕರೆಂದು ಯಾರ ಹೆಸರಿದೆಯೋ ಅವರು ನಾಯಿಯ ಜೊತೆಗಿರಬೇಕು, ಇಲ್ಲವೇ ಅವರು ಬರೆದುಕೊಟ್ಟ ಒಪ್ಪಿಗೆ ಇರುವವರು ಕರೆದೊಯ್ಯಬೇಕು, ಮಾಲೀಕರು ಹಿಂದೆ ಮುಂದೆ ಐದು ದಿನದೊಳಗೆ ಅದೇ ಪ್ರಯಾಣ ಮಾಡಬೇಕು. ಗಂಡನ ಹೆಸರಿನಲ್ಲಿ ಪತ್ರ ಮಾಡಿಸಿ, ಅವರು ಕೆಲಸಕ್ಕೆಂದು ಮೊದಲೇ ವಾಪಸಾಗಿ, ಎರಡು ವಾರದ ಮೇಲೆ ಹೆಂಡತಿ ನಾಯಿಯನ್ನು ತರುವುದಾದರೆ ಈ ಲೆಕ್ಕ ತಪ್ಪುತ್ತದೆ. ಕೊನೆಯವರೆಗೂ ನಾಯಿಯ ಜೊತೆ ಇರುವವರ ಹೆಸರಿನಲ್ಲೇ ಪತ್ರ ಮಾಡಿಸಿ. ಒಬ್ಬರ ಜೊತೆ ಐದು ಪ್ರಾಣಿಗಳವರೆಗೆ ಮಾತ್ರ ಅವಕಾಶ, ಮಾರಾಟಕ್ಕೆ ಒಯ್ಯುವುದಾದರೆ ನಿಯಮಗಳೇ ಬೇರೆ.

ಕ್ಲಿನಿಕ್ಕಿನಿಂದ ಹೊರಬೀಳುವ ಮೊದಲು ಅಲ್ಲೇ ಕುಳಿತು ಪತ್ರವನ್ನು ಓದಿ. 15 ಅಂಕಿಯನ್ನು ಮೂರು ಮೂರಾಗಿ ಬಿಡಿಸಿಕೊಂಡು ಸ್ಕ್ಯಾನರಿನ ಪರದೆಯೊಂದಿಗೆ ತಾಳೆನೋಡಿ. ಚಿಪ್ಪಿನ ದಿನಾಂಕ ಲಸಿಕೆಯ ದಿನಾಂಕಕ್ಕಿಂತ ಹಿಂದಿನದೇ, ಲಸಿಕೆಯ ಬ್ಯಾಚ್ ಸಂಖ್ಯೆ ಇದೆಯೇ, ಪ್ರತಿ ಪುಟಕ್ಕೂ ಮೊಹರು ಬಿದ್ದಿದೆಯೇ, ಹೊಡೆದುಹಾಕಿದ ಸಾಲುಗಳ ಪಕ್ಕ ವೈದ್ಯರ ಸಹಿ ಇದೆಯೇ ನೋಡಿ. ಹಿಂತಿರುಗುವಾಗ ಹುಳುವಿನ ಔಷಧಿ ಬರೆಯಲು ಅದರಲ್ಲೊಂದು ಖಾಲಿ ಕೋಷ್ಟಕ ಇರುತ್ತದೆ, ಅದು ಹೊಡೆದುಹೋಗಿರಬಾರದು. ತೋರಿಸಬೇಕಾದದ್ದು ಮೂಲ ಪತ್ರ. ಫೋನಿನಲ್ಲಿರುವ ಫೋಟೋ ನಿಮ್ಮ ನೆನಪಿಗೆ ಮಾತ್ರ.

24 ಗಂಟೆ, 120 ಗಂಟೆ

ಹೋಗುವಾಗಿನದಕ್ಕಿಂತ ಬರುವಾಗಿನ ನಿಯಮವೇ ಹೆಚ್ಚು ಜನರನ್ನು ಕ್ಯಾಲೆಯಲ್ಲಿ ತಡೆದು ನಿಲ್ಲಿಸುವುದು. ಬ್ರಿಟನ್ನಿಗೆ ಬಂದಿಳಿಯುವ ಹೊತ್ತಿಗೆ 24 ಗಂಟೆಗಿಂತ ಕಡಿಮೆಯಿಲ್ಲದಂತೆ, 120 ಗಂಟೆಗಿಂತ ಹೆಚ್ಚಾಗದಂತೆ, ಪಶುವೈದ್ಯರೇ ನಾಯಿಗೆ ಲಾಡಿಹುಳುವಿನ ಔಷಧಿ ಕೊಟ್ಟಿರಬೇಕು. ಮನೆಯಲ್ಲಿ ನೀವೇ ಕೊಟ್ಟ ಮಾತ್ರೆ ನಡೆಯುವುದಿಲ್ಲ. ಔಷಧಿಯಲ್ಲಿ ಪ್ರಾಜಿಕ್ವಾಂಟೆಲ್, ಇಲ್ಲವೇ ಅಷ್ಟೇ ಪರಿಣಾಮಕಾರಿಯೆಂದು ಸಾಬೀತಾದ ಇನ್ನೊಂದು ಅಂಶ ಇರಬೇಕು. ಔಷಧಿಯ ಹೆಸರು, ತಯಾರಕರು, ದಿನಾಂಕ, ಕೊಟ್ಟ ಸಮಯ, ಸಹಿ, ಮೊಹರು ಎಲ್ಲವೂ ಪತ್ರದಲ್ಲಿ ಬರಬೇಕು. ಐರ್ಲೆಂಡ್, ಫಿನ್‌ಲ್ಯಾಂಡ್, ಮಾಲ್ಟಾ, ನಾರ್ವೆಗಳಿಂದ ನೇರವಾಗಿ ಬರುವ ನಾಯಿಗೆ ಇದು ಬೇಡ.

ಏಕಿಷ್ಟು ಬಿಗಿ? ಈ ಹುಳು ಎಕಿನೋಕಾಕಸ್ ಮಲ್ಟಿಲಾಕ್ಯುಲಾರಿಸ್. ಬೆಳೆದ ಹುಳುವೂ ಕೆಲವೇ ಮಿಲಿಮೀಟರ್ ಉದ್ದ, ನರಿ ಮತ್ತು ನಾಯಿಗಳ ಸಣ್ಣಕರುಳಿನಲ್ಲಿ ಯಾವ ತೊಂದರೆಯನ್ನೂ ತೋರಿಸದೆ ಬದುಕುತ್ತದೆ. ಹೊಲದ ಇಲಿಯನ್ನು ತಿಂದ ನಾಯಿಗೆ ಇದು ಅಂಟುತ್ತದೆ, ಮೊಟ್ಟೆಗಳು ಮಲದಲ್ಲಿ ಹೊರಬೀಳುತ್ತವೆ, ಕೂದಲಿಗೂ ಮೆತ್ತಿಕೊಳ್ಳುತ್ತವೆ. ಆ ಮೊಟ್ಟೆ ಮನುಷ್ಯನ ಹೊಟ್ಟೆ ಸೇರಿದರೆ ಮರಿಹುಳು ಯಕೃತ್ತಿನಲ್ಲಿ ಗಡ್ಡೆಯ ಹಾಗೆ ಹಬ್ಬುತ್ತಾ ಹೋಗುತ್ತದೆ, ಲಕ್ಷಣ ಕಾಣಿಸುವ ಹೊತ್ತಿಗೆ ಹತ್ತು ವರ್ಷ ಕಳೆದಿರಬಹುದು. ಫ್ರಾನ್ಸ್, ಜರ್ಮನಿ, ಸ್ವಿಟ್ಜರ್ಲೆಂಡಿನ ನರಿಗಳಲ್ಲಿ ಈ ಹುಳು ಇದೆ; ಬ್ರಿಟನ್ನಿನಲ್ಲಿ ನೆಲೆಯೂರಿಲ್ಲ. ಆ ಸ್ಥಿತಿಯನ್ನು ಉಳಿಸಿಕೊಳ್ಳುವುದೇ ಈ ನಿಯಮದ ಉದ್ದೇಶ. ಪ್ರಾಜಿಕ್ವಾಂಟೆಲ್ ಒಳಗಿರುವ ಹುಳುವನ್ನು ಬೇಗ ಕೊಲ್ಲುತ್ತದೆ, ಆದರೆ ಮೈಯಲ್ಲಿ ಉಳಿದು ಕಾಯುವುದಿಲ್ಲ. ಮಾತ್ರೆ ನುಂಗಿದ ಮರುದಿನವೇ ನಾಯಿ ಇನ್ನೊಂದು ಇಲಿ ತಿಂದರೆ ಮತ್ತೆ ಹುಳು. 120 ಗಂಟೆಯ ಮಿತಿ ಈ ಅಪಾಯದ ಕಿಂಡಿಯನ್ನು ಕಿರಿದು ಮಾಡುತ್ತದೆ. 24 ಗಂಟೆಯ ಮಿತಿ ಔಷಧಿ ಕೆಲಸಮಾಡಿ, ಸತ್ತ ಹುಳು ಮೊಟ್ಟೆಯ ಸಮೇತ ಆಚೆ ದಡದಲ್ಲೇ ಹೊರಬೀಳಲು.

ಈಗ ಲೆಕ್ಕ. ಹಡಗು ಭಾನುವಾರ ಸಂಜೆ 6ಕ್ಕೆ ಡೋವರ್ ತಲುಪುತ್ತದೆ ಎನ್ನಿ. 120 ಗಂಟೆ ಹಿಂದಕ್ಕೆ ಹೋದರೆ ಮಂಗಳವಾರ ಸಂಜೆ 6. 24 ಗಂಟೆ ಹಿಂದಕ್ಕೆ ಹೋದರೆ ಶನಿವಾರ ಸಂಜೆ 6. ಇವೆರಡರ ನಡುವೆ ಎಲ್ಲಿ ಬೇಕಾದರೂ ಮಾತ್ರೆ ಕೊಡಿಸಬಹುದು. ಆದರೆ ಎರಡು ಅಂಚುಗಳನ್ನೂ ದೂರವಿಡಿ. ಮಂಗಳವಾರ ರಾತ್ರಿ 7ಕ್ಕೆ ಕೊಡಿಸಿದರೆ, ಬಿರುಗಾಳಿಗೋ ಮುಷ್ಕರಕ್ಕೋ ಹಡಗು ಎರಡು ಗಂಟೆ ತಡವಾದಾಗ ಅವಧಿ ಮೀರುತ್ತದೆ. ಶನಿವಾರ ಸಂಜೆ 5ಕ್ಕೆ ಕೊಡಿಸಿದರೆ ಇನ್ನೊಂದು ಬಗೆಯ ಪೇಚು: ಬಂದರಿಗೆ ಬೇಗ ಬಂದಿದ್ದೀರಿ, ಸಿಬ್ಬಂದಿ ಒಳ್ಳೆಯ ಮನಸ್ಸಿನಿಂದ ಹಿಂದಿನ ಹಡಗಿಗೆ ಹತ್ತಿಸುತ್ತಾರೆ, 24 ಗಂಟೆ ತುಂಬಿರುವುದಿಲ್ಲ. ಈ ಉದಾಹರಣೆಯಲ್ಲಿ ಗುರುವಾರ ಅಥವಾ ಶುಕ್ರವಾರ ಬೆಳಿಗ್ಗೆ ಕೊಡಿಸುವುದು ಸರಿ. ಹಡಗು ಹಿಂದಾದರೂ ಮುಂದಾದರೂ ಲೆಕ್ಕ ನಿಲ್ಲುತ್ತದೆ. ಫ್ರಾನ್ಸಿನ ಗಡಿಯಾರ ಬ್ರಿಟನ್ನಿಗಿಂತ ಒಂದು ಗಂಟೆ ಮುಂದೆ ಎನ್ನುವುದನ್ನೂ ಸೇರಿಸಿಕೊಳ್ಳಿ.

ಅಲ್ಲಿಯ ಪಶುವೈದ್ಯರನ್ನು ಹೊರಡುವ ಮೊದಲೇ ಹುಡುಕಿ ಸಮಯ ತೆಗೆದುಕೊಳ್ಳಬೇಕು. ಫಲಕದಲ್ಲಿ ವೆಟೆರಿನೇರ್ ಎಂದಿರುತ್ತದೆ. ಫ್ರಾನ್ಸಿನಲ್ಲಿ ಮೇ 1, ಮೇ 8, ಜುಲೈ 14, ಆಗಸ್ಟ್ 15 ಸಾರ್ವಜನಿಕ ರಜೆಗಳು, ಭಾನುವಾರ ತುರ್ತು ಚಿಕಿತ್ಸೆ ಮಾತ್ರ. ಮಾತ್ರೆ ಹಾಕಿ ಬರೆಯುವಾಗ ಗಂಟೆ ನಮೂದಿಸಿದ್ದಾರೆಯೇ ಎಂದು ನೀವೇ ನೋಡಿ, ದಿನಾಂಕ ಬರೆದು ಸಮಯ ಮರೆಯುವುದು ಇಲ್ಲಿ ಸಾಮಾನ್ಯ ತಪ್ಪು. ಬರೀ ಮೂರು ನಾಲ್ಕು ದಿನದ ಪ್ರವಾಸವಾದರೆ ಹೊರಡುವ ಮೊದಲೇ ಬ್ರಿಟನ್ನಿನಲ್ಲಿ ಔಷಧಿ ಕೊಡಿಸಿ ಬರೆಸಿಕೊಂಡು, 24 ಗಂಟೆ ಕಳೆದ ಮೇಲೆ 120 ಗಂಟೆಯೊಳಗೆ ವಾಪಸ್ ಬರಬಹುದು.

ಐರ್ಲೆಂಡಿಗೆ ಹೋಲಿಹೆಡ್‌ನಿಂದ ಡಬ್ಲಿನ್‌ಗೆ ಹೋಗುವವರಿಗೂ ಪ್ರಮಾಣಪತ್ರ ಬೇಕು. ಫ್ರಾನ್ಸಿನಿಂದ ನೇರ ಹಡಗಿನಲ್ಲಿ ಐರ್ಲೆಂಡಿಗೆ ಹೋಗುವ ನಾಯಿಗೂ ಇದೇ ಹುಳುವಿನ ಔಷಧಿ, ಇದೇ 24–120 ಗಂಟೆ, ಏಕೆಂದರೆ ಆ ದ್ವೀಪದಲ್ಲೂ ಈ ಹುಳು ಇಲ್ಲ.

ಯಾವ ಹಡಗು

ನಾಯಿ ಎಲ್ಲಿರುತ್ತದೆ ಎಂಬುದರ ಮೇಲೆ ಹಡಗನ್ನು ಆರಿಸಬೇಕು, ಟಿಕೆಟ್ಟಿನ ದರದ ಮೇಲಲ್ಲ. ಚಿಕ್ಕ ದಾರಿಗಳಲ್ಲಿ, ಡೋವರ್‌ನಿಂದ ಕ್ಯಾಲೆ ಅಥವಾ ಡಂಕರ್ಕ್‌ಗೆ, ನಾಯಿ ಸಾಮಾನ್ಯವಾಗಿ ಕಾರಿನಲ್ಲೇ ಉಳಿಯುತ್ತದೆ. ಕೆಲವು ಹಡಗುಗಳಲ್ಲಿ ಹೆಚ್ಚಿನ ಹಣಕ್ಕೆ ನಾಯಿಯ ಜೊತೆ ಕೂರುವ ಕೋಣೆಯಿದೆ. ಪೋರ್ಟ್ಸ್‌ಮತ್‌ನಿಂದ ಫ್ರಾನ್ಸಿನ ಕಾನ್‌ಗೆ (Caen) ಹಗಲಿನಲ್ಲಿ ಸುಮಾರು 6 ಗಂಟೆ, ಹಲ್‌ನಿಂದ ರಾಟರ್‌ಡ್ಯಾಮ್‌ಗೆ ಒಂದು ರಾತ್ರಿ, ನ್ಯೂಕಾಸಲ್‌ನಿಂದ ಆಮ್‌ಸ್ಟರ್‌ಡ್ಯಾಮ್ ಬಳಿಯ ಐಮಾಯ್ಡನ್‌ಗೆ 15 ಗಂಟೆಯ ಆಸುಪಾಸು, ಪೋರ್ಟ್ಸ್‌ಮತ್‌ನಿಂದ ಸ್ಪೇನಿನ ಸಾಂತಾಂದೇರ್‌ಗೆ ಒಂದು ದಿನಕ್ಕೂ ಮೀರಿದ ಹಾದಿ. ಹತ್ತಾರು ಗಂಟೆಯ ಇಂಥ ದಾರಿಗಳಲ್ಲಿ ನಾಯಿಗೆ ಒಪ್ಪುವ ಕ್ಯಾಬಿನ್ ಇಲ್ಲವೇ ಕೆನಲ್ (ನಾಯಿಗೂಡು) ಕಾಯ್ದಿರಿಸಬೇಕು. ನಾಯಿ ಕ್ಯಾಬಿನ್ನುಗಳ ಸಂಖ್ಯೆ ಕಡಿಮೆ, ಬೇಸಿಗೆ ರಜೆಗೆ ಅವು ತಿಂಗಳುಗಟ್ಟಲೆ ಮೊದಲೇ ತುಂಬಿಹೋಗುತ್ತವೆ. ಕ್ಯಾಬಿನ್ ಸಿಕ್ಕ ದಿನಕ್ಕೆ ಪ್ರವಾಸವನ್ನು ಹೊಂದಿಸಿಕೊಳ್ಳುವುದು ಜಾಣತನ. ಒಂದು ರಾತ್ರಿ ಪೂರ್ತಿ ಕಾರ್ ಡೆಕ್ಕಿನಲ್ಲಿ, ಅಂದರೆ ಹಡಗಿನಲ್ಲಿ ಕಾರುಗಳು ನಿಲ್ಲುವ ಅಂತಸ್ತಿನಲ್ಲಿ, ನಾಯಿಯನ್ನು ಬಿಡುವ ಆಯ್ಕೆಯಿದ್ದರೂ ಅದನ್ನು ತೆಗೆದುಕೊಳ್ಳಬೇಡಿ ಎಂದೇ ನಮ್ಮ ಸಲಹೆ.

ಕಾರಿಲ್ಲದೆ ನಡೆದು ಹತ್ತುವವರಿಗೆ ಆಯ್ಕೆ ಬಹಳ ಕಡಿಮೆ. ಡೋವರ್‌ನಲ್ಲಿ ಅದು ಆಗುವುದಿಲ್ಲ. ಹಾರ್ವಿಚ್‌ನಿಂದ ಹುಕ್ ಆಫ್ ಹಾಲೆಂಡ್ ದಾರಿಯಲ್ಲಿ ನಾಯಿಯೊಂದಿಗೆ ಕಾಲ್ನಡಿಗೆಯ ಪ್ರಯಾಣಿಕರನ್ನು ಹತ್ತಿಸಿಕೊಳ್ಳುತ್ತಾರೆ. ಹುಕ್‌ನಲ್ಲಿ ಇಳಿದ ಮೇಲೆ ರಾಟರ್‌ಡ್ಯಾಮ್‌ಗೆ ಮೆಟ್ರೋ ಇದೆ.

ಕಾರ್ ಡೆಕ್ಕಿನಲ್ಲಿ ನಾಯಿಗೆ ಏನಾಗುತ್ತದೆ

ಹಡಗಿನ ಹೊಟ್ಟೆ ಕಬ್ಬಿಣದ ದೊಡ್ಡ ಗೋದಾಮಿನಂತೆ. ಲಾರಿಗಳನ್ನು ಬಿಗಿಯುವ ಸರಪಳಿಗಳ ಸದ್ದು, ಮುಚ್ಚುವ ಬಾಗಿಲಿನ ಎಚ್ಚರಿಕೆ ಗಂಟೆ, ನೆಲದಿಂದಲೇ ಮೈಗೆ ಹತ್ತುವ ಇಂಜಿನ್ನಿನ ನಡುಕ, ಡೀಸೆಲ್ ವಾಸನೆ. ಹಡಗು ಹೊರಟ ಮೇಲೆ ಪ್ರಯಾಣಿಕರಿಗೆ ಅಲ್ಲಿ ಪ್ರವೇಶವಿಲ್ಲ, ವಾಹನಗಳು ಅಲುಗಾಡಿದರೆ ಅಥವಾ ಬೆಂಕಿ ಹತ್ತಿದರೆ ನಡುವೆ ಮನುಷ್ಯರಿರಬಾರದು ಎಂಬುದು ಕಾರಣ. ಹೀಗಾಗಿ ನೀವು ಬಾಗಿಲು ಹಾಕಿದ ಮೇಲೆ ಮರಳಿ ಬರುವವರೆಗೆ ನಾಯಿಗೆ ಅದರ ಕಾರು ಒಂದೇ ಪರಿಚಿತ ಜಾಗ. ಒಂದೂವರೆ ಗಂಟೆಯ ಪ್ರಯಾಣವೆಂದರೆ ಅದು ಒಬ್ಬಂಟಿಯಾಗಿರುವುದು ಎರಡು ಗಂಟೆ ಎಂದುಕೊಳ್ಳಿ.

ಎರಡು ಗಂಟೆ ನಿಂತ ಕಾರಿನಲ್ಲಿ ಒಂಟಿಯಾಗಿರುವ ಅಭ್ಯಾಸವನ್ನು ಮನೆಯ ಹತ್ತಿರ, ತಂಪು ಹೊತ್ತಿನಲ್ಲಿ, ಐದು ನಿಮಿಷದಿಂದ ಶುರುಮಾಡಿ ಕೆಲವು ವಾರಗಳಲ್ಲಿ ಏರಿಸಬೇಕು. ನೀವು ಕಣ್ಣಿಗೆ ಬೀಳದ ಕಡೆ ನಿಂತು ಗಮನಿಸುತ್ತಿರಬೇಕು. ಹಡಗಿನ ದಿನ ಅದರ ಮಾಮೂಲಿ ಹಾಸಿಗೆ, ನೀವು ತೊಟ್ಟು ಒಗೆಯದ ಬಟ್ಟೆ, ಚೆಲ್ಲದಂಥ ನೀರಿನ ಬಟ್ಟಲು ಇಡಿ. ಕ್ರೇಟಿಗೆ ಒಗ್ಗಿದ ನಾಯಿಯಾದರೆ ಮೇಲೊಂದು ತೆಳುಬಟ್ಟೆ ಹೊದಿಸಿ, ಗಾಳಿಯಾಡುವಂತೆ ಒಂದು ಬದಿ ಬಿಡಿ. ಕಿಟಕಿಗಳನ್ನು ಎರಡು ಬೆರಳಿನಷ್ಟು ಇಳಿಸಿ. ಹ್ಯಾಂಡ್‌ಬ್ರೇಕ್ ಹಾಕಿ. ಕಾರಿನ ಕಳ್ಳಗಂಟೆಯ ಒಳಗಿನ ಚಲನೆ ಗುರುತಿಸುವ ಸೆನ್ಸರನ್ನು ಆಫ್ ಮಾಡುವುದನ್ನು ಮರೆಯಬೇಡಿ: ನಾಯಿ ಎದ್ದು ಮಗ್ಗುಲು ಬದಲಿಸಿದರೆ ಗಂಟೆ ಕೂಗತೊಡಗುತ್ತದೆ, ಆ ಕೂಗಿಗೆ ನಾಯಿ ಹೆದರಿ ಇನ್ನಷ್ಟು ಒದ್ದಾಡುತ್ತದೆ, ನಿಲ್ಲಿಸಲು ಯಾರೂ ಇರುವುದಿಲ್ಲ. ಆಫ್ ಮಾಡುವ ಗುಂಡಿ ಎಲ್ಲಿದೆಯೆಂದು ಮನೆಯಲ್ಲೇ ಕೈಪಿಡಿ ನೋಡಿಟ್ಟುಕೊಳ್ಳಿ. ಹತ್ತುವಾಗಲೇ ಕಾರಿನಲ್ಲಿ ನಾಯಿಯಿದೆ ಎಂದು ಸಿಬ್ಬಂದಿಗೆ ತಿಳಿಸಿ.

ಡೆಕ್ಕಿಗಿಂತ ದೊಡ್ಡ ಅಪಾಯ ಬಂದರಿನ ಸಾಲು. ಜುಲೈ, ಆಗಸ್ಟ್‌ನಲ್ಲಿ ನೆರಳಿಲ್ಲದ ಡಾಂಬರಿನ ಮೇಲೆ ಗಂಟೆಗಟ್ಟಲೆ ಕಾಯಬೇಕಾಗುತ್ತದೆ. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಏದುಸಿರಿನಿಂದಲೇ ಬಿಸಿ ಹೊರಹಾಕಬೇಕು. ಪಗ್, ಬುಲ್‌ಡಾಗ್, ಫ್ರೆಂಚ್ ಬುಲ್‌ಡಾಗ್‌ಗಳಂಥ ಚಪ್ಪಟೆ ಮೂತಿಯ ನಾಯಿಗಳಿಗೆ ಅದೂ ಸರಿಯಾಗಿ ಆಗದು. ಅಂಥ ನಾಯಿಯಿದ್ದರೆ ಬೆಳಗಿನ ಜಾವದ ಅಥವಾ ರಾತ್ರಿಯ ಹಡಗನ್ನೇ ಹಿಡಿಯಿರಿ. ಕೈಯಲ್ಲಿ ಕನಿಷ್ಠ 2 ಲೀಟರ್ ನೀರು, ಒದ್ದೆ ಮಾಡಲು ಒಂದು ಟವೆಲ್ ಇರಲಿ. ನಾಲಿಗೆ ಕಡುಕೆಂಪಾಗಿ, ಜೊಲ್ಲು ಅಂಟಂಟಾಗಿ, ನಾಯಿ ತೂರಾಡತೊಡಗಿದರೆ ಅದು ಬಿಸಿಲಿನ ಹೊಡೆತ. ತಣ್ಣೀರು ಸುರಿಯುತ್ತಾ ಗಾಳಿ ಬೀಸುತ್ತಾ ತಕ್ಷಣ ಸಿಬ್ಬಂದಿಯನ್ನು ಕೂಗಿ.

ನಿದ್ದೆ ಬರಿಸುವ ಔಷಧಿ ಕೊಟ್ಟು ಮಲಗಿಸಿಬಿಡೋಣ ಎಂದು ಅನೇಕರಿಗೆ ಅನ್ನಿಸುತ್ತದೆ. ಬೇಡ. ಮಂಪರಿನಲ್ಲಿರುವ ನಾಯಿಗೆ ಅಲುಗಾಡುವ ನೆಲದ ಮೇಲೆ ಸಮತೋಲ ಸಿಗುವುದಿಲ್ಲ, ಮೈಯ ಬಿಸಿಯನ್ನು ಹತೋಟಿಯಲ್ಲಿಡುವುದೂ ಕಷ್ಟ, ಏನಾದರೂ ಆದರೆ ನೋಡಲು ಪಕ್ಕದಲ್ಲಿ ನೀವಿಲ್ಲ. ವಾಂತಿ ಮಾಡುವ ನಾಯಿಗೆ ಮಾರೋಪಿಟಂಟ್ ಎಂಬ ಔಷಧಿಯಿದೆ, ಅದು ಮಂಪರು ತರಿಸದೆ ವಾಂತಿಯನ್ನು ತಡೆಯುತ್ತದೆ. ವೈದ್ಯರು ತೂಕ ನೋಡಿ ಬರೆದುಕೊಡಬೇಕು, ಹೊರಡುವುದಕ್ಕೆ ಒಂದು ಗಂಟೆಗಿಂತ ಮುಂಚೆ ಕೊಡಬೇಕು. ಹೊಟ್ಟೆ ತುಂಬ ಊಟವನ್ನು ಹಡಗಿಗೆ ಮೂರು ನಾಲ್ಕು ಗಂಟೆ ಮೊದಲೇ ಮುಗಿಸಿ. ನೀರು ಮಾತ್ರ ಯಾವಾಗಲೂ ಇರಲಿ.

ಕ್ಯಾಬಿನ್ ಇರುವ ಹಡಗಿನ ಸಮಸ್ಯೆ ಬೇರೆ, ಮೂತ್ರದ್ದು. ನಾಯಿಗೆಂದು ಬಿಟ್ಟಿರುವ ಡೆಕ್ ಬರೀ ಬಣ್ಣ ಬಳಿದ ಕಬ್ಬಿಣ. ಹುಲ್ಲಿಗೆ ಒಗ್ಗಿದ ನಾಯಿ ಅಲ್ಲಿ ನಿಂತು, ಮೂಸಿ, ನಿಮ್ಮ ಮುಖ ನೋಡಿ ಹಿಂತಿರುಗುತ್ತದೆ. ಸಾಂತಾಂದೇರ್ ದಾರಿಯಲ್ಲಿ ಹಾಗೆ ಇಡೀ ದಿನ ಬಿಗಿಹಿಡಿದುಕೊಳ್ಳುವ ನಾಯಿಗಳಿವೆ. ಎರಡು ವಾರ ಮೊದಲಿನಿಂದ ಒಂದು ಕೃತಕ ಹುಲ್ಲಿನ ತುಂಡಿನ ಮೇಲೆ, ಒಂದೇ ಮಾತು ಹೇಳುತ್ತಾ ಅಭ್ಯಾಸ ಮಾಡಿಸಿ. ಆ ತುಂಡನ್ನು ಪೂರ್ತಿ ತೊಳೆಯದೆ, ಅದರದೇ ವಾಸನೆ ಉಳಿಸಿಕೊಂಡು ಚೀಲದಲ್ಲಿ ಒಯ್ದು ಡೆಕ್ಕಿನಲ್ಲಿ ಹಾಸಿ. ಗಾಳಿ ಕಡಿಮೆಯಿರುವ ಮೂಲೆ ಹುಡುಕಿ, ಕಾದು ನಿಲ್ಲಿ. ಕಾರಿನಿಂದ ಕ್ಯಾಬಿನ್ನಿಗೆ ಹೋಗುವಾಗ ಬಾಯಿಕುಕ್ಕೆ ಹಾಕಬೇಕೆಂದು ಕೆಲವು ಕಂಪನಿಗಳ ನಿಯಮ. ಬಾಯಿ ಬಿಟ್ಟು ಏದುಸಿರು ಬಿಡಲು ಆಗುವಂಥ ಬುಟ್ಟಿಯಾಕಾರದ್ದನ್ನೇ ಕೊಳ್ಳಿ, ಅದಕ್ಕೂ ಮೊದಲೇ ಒಗ್ಗಿಸಿ.

ಚೀಲದಲ್ಲಿ ಏನಿರಬಾರದು

ನಾಯಿಯ ಕಾಗದವೆಲ್ಲ ಸರಿಯಿದ್ದು ಅದರ ಊಟ ಕಸದಬುಟ್ಟಿಗೆ ಹೋಗುವುದುಂಟು. ಬ್ರಿಟನ್ನಿನಿಂದ ಒಕ್ಕೂಟದೊಳಗೆ ಮಾಂಸ, ಹಾಲಿನ ಪದಾರ್ಥಗಳನ್ನು ಒಯ್ಯುವಂತಿಲ್ಲ, ನಾಯಿಯ ಆಹಾರಕ್ಕೂ ತಿನಿಸಿಗೂ ಇದು ಅನ್ವಯ. ಕಾಯಿಲೆಯ ಕಾರಣಕ್ಕೆ ಬೇಕಾದ ವಿಶೇಷ ಆಹಾರವನ್ನು 2 ಕಿಲೋವರೆಗೆ, ಫ್ರಿಜ್ಜಿನಲ್ಲಿ ಇಡಬೇಕಿಲ್ಲದಂಥದ್ದು, ಕಂಪನಿಯ ಸೀಲು ಒಡೆಯದ ಪೊಟ್ಟಣದಲ್ಲಿ ಒಯ್ಯಬಹುದು. ಹೊಸ ಊರು, ಹೊಸ ನೀರು, ಮೇಲೆ ಹೊಸ ಊಟವೂ ಸೇರಿದರೆ ಭೇದಿ ಖಂಡಿತ. ಅಲ್ಲಿ ಸಿಗುವ ಬ್ರ್ಯಾಂಡನ್ನು ಮೊದಲೇ ಗುರುತಿಸಿ, ಮನೆಯಲ್ಲಿರುವಾಗಲೇ ಒಂದು ವಾರ ಬೆರೆಸಿ ಬೆರೆಸಿ ಅದಕ್ಕೆ ಬದಲಾಯಿಸಿಬಿಡಿ.

ತಳಿಯ ಕಾನೂನನ್ನೂ ನೋಡಬೇಕು. ಫ್ರಾನ್ಸಿನ 1999ರ ಕಾನೂನಿನಂತೆ ವಂಶಾವಳಿ ಪತ್ರವಿಲ್ಲದ ಪಿಟ್‌ಬುಲ್ ಮಾದರಿಯ ನಾಯಿಗಳನ್ನು ದೇಶದೊಳಗೆ ತರುವಂತೆಯೇ ಇಲ್ಲ, ರಾಟ್‌ವೀಲರ್‌ಗೆ ಸಾರ್ವಜನಿಕ ಜಾಗದಲ್ಲಿ ಬಾಯಿಕುಕ್ಕೆ ಕಡ್ಡಾಯ. ಸ್ಟಾಫರ್ಡ್‌ಶೈರ್ ಬುಲ್ ಟೆರಿಯರ್ ಸಾಕಿರುವವರು ವಂಶಾವಳಿ ಪತ್ರವನ್ನು ಜೊತೆಗಿಟ್ಟುಕೊಳ್ಳಿ. ರೂಪ ನೋಡಿ ನಿರ್ಧರಿಸುವವರ ಮುಂದೆ ಬಾಯಿಮಾತು ಸಾಲದು.

ಸ್ಪೇನ್, ಇಟಲಿ, ದಕ್ಷಿಣ ಫ್ರಾನ್ಸಿಗೆ ಹೋಗುವವರು ಮರಳುನೊಣ ಹರಡುವ ಲೀಶ್ಮೇನಿಯಾಸಿಸ್, ಸೊಳ್ಳೆ ಹರಡುವ ಹೃದಯದ ಹುಳು, ಉಣ್ಣಿ ಹರಡುವ ಬಬೀಸಿಯಾ, ಈ ಮೂರು ರೋಗಗಳ ಬಗ್ಗೆ ವೈದ್ಯರೊಂದಿಗೆ ಮಾತಾಡಿ. ಡೆಲ್ಟಾಮೆಥ್ರಿನ್ ಇರುವ ಕತ್ತಿನ ಪಟ್ಟಿ ಪೂರ್ತಿ ಕೆಲಸಮಾಡಲು ಸುಮಾರು ಒಂದು ವಾರ ಬೇಕು, ಹೊರಡುವ ದಿನ ಕಟ್ಟಿದರೆ ತಡ. ಮರಳುನೊಣ ಕಚ್ಚುವುದು ಮುಸ್ಸಂಜೆಯಿಂದ ಬೆಳಗಿನವರೆಗೆ. ನಾಯಿಯನ್ನು ರಾತ್ರಿ ಹೊರಗೆ ಮಲಗಿಸಬೇಡಿ.

ವಾಪಸ್ ಬರುವ ದಿನ

ಬ್ರಿಟನ್ನಿಗೆ ಬರುವ ನಾಯಿಯ ತಪಾಸಣೆ ನಡೆಯುವುದು ಹತ್ತುವ ಬಂದರಿನಲ್ಲೇ, ಹಡಗಿನ ಕಂಪನಿಯ ಸಿಬ್ಬಂದಿಯಿಂದ. ಪಾಸ್‌ಪೋರ್ಟ್ ಸಾಲಿಗೆ ಮೊದಲು ಇದು ಮುಗಿಯಬೇಕು, ಹಾಗಾಗಿ ಮಾಮೂಲಿ ಸಮಯಕ್ಕಿಂತ ಅರ್ಧ ಗಂಟೆಯಾದರೂ ಮುಂಚೆ ಬನ್ನಿ. ಚಿಪ್ಪು, ಪತ್ರ, ಲಸಿಕೆ, ಮಾತ್ರೆಯ ಗಂಟೆ ನೋಡಿ ಸರಿಯಿದ್ದರೆ ಬಿಡುತ್ತಾರೆ. ಹುಳುವಿನ ಮಾತ್ರೆ ತಪ್ಪಿದ್ದರೆ ವಾದಿಸಿ ಉಪಯೋಗವಿಲ್ಲ. ಹಡಗಿನ ಟಿಕೆಟ್ಟನ್ನು ಮುಂದೂಡಿಸಿ, ಹತ್ತಿರದ ಪಶುವೈದ್ಯರಲ್ಲಿ ಔಷಧಿ ಕೊಡಿಸಿ, ಅಲ್ಲಿಂದ 24 ಗಂಟೆ ಎಣಿಸಿ, ಆ ರಾತ್ರಿ ನಾಯಿಗೆ ಜಾಗ ಕೊಡುವ ವಸತಿ ಹುಡುಕಿ. ಚಿಪ್ಪು ಸಿಗದಿದ್ದರೆ ಇನ್ನೊಂದು ಸ್ಕ್ಯಾನರ್ ಕೇಳಿ, ಹೆಗಲಿನಿಂದ ಎದೆ, ಮುಂಗಾಲಿನವರೆಗೆ ಮತ್ತೆ ಓದಿಸಿ. ಆಗಲೂ ಸಿಗದಿದ್ದರೆ ಕತ್ತಲಾಗುವ ಮೊದಲು ವೈದ್ಯರ ಬಳಿ ಹೋಗುವುದೇ ದಾರಿ.

ಮನೆ ಸೇರಿದ 28 ದಿನದೊಳಗೆ ನಾಯಿಗೆ ಇನ್ನೊಮ್ಮೆ ಲಾಡಿಹುಳುವಿನ ಔಷಧಿ ಕೊಡಿಸಿ. ಹಿಂದಿನ ಮಾತ್ರೆಗೂ ಹಡಗಿಗೂ ನಡುವಿನ ಆ ಕೆಲವು ದಿನಗಳಲ್ಲಿ ಅದು ಯಾವುದೋ ಹೊಲದ ಅಂಚಿನಲ್ಲಿ ಇಲಿ ಹಿಡಿದಿದ್ದರೆ, ಹುಳು ಬಲಿತು ಮೊಟ್ಟೆ ಹಾಕುವ ಮೊದಲೇ ಅದು ಸಾಯುತ್ತದೆ. ಮುಂದಿನ ಒಂದೆರಡು ವರ್ಷದಲ್ಲಿ ನಾಯಿಗೆ ಕಾರಣ ತಿಳಿಯದ ಜ್ವರ ಬಂದರೆ, ತೂಕ ಇಳಿದರೆ, ಚರ್ಮ ಒಡೆದರೆ ಅದು ಯಾವ ದೇಶದಲ್ಲಿ, ಯಾವ ತಿಂಗಳಲ್ಲಿ ಇತ್ತು ಎಂಬುದನ್ನು ವೈದ್ಯರಿಗೆ ನೀವಾಗಿಯೇ ಹೇಳಿ. ಲೀಶ್ಮೇನಿಯಾಸಿಸ್ ತಲೆಯೆತ್ತಲು ತಿಂಗಳುಗಳಿಂದ ವರ್ಷಗಳವರೆಗೆ ಹಿಡಿಯುತ್ತದೆ, ಬ್ರಿಟನ್ನಿನಲ್ಲೇ ಇದ್ದ ನಾಯಿಯಲ್ಲಿ ಅದನ್ನು ಯಾರೂ ಮೊದಲು ಹುಡುಕುವುದಿಲ್ಲ.